ಕೋಡಿಯ ಕೆಳಗಿನ ಊರು

ನಾಗಪುರ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕಿತ್ತಳೆ ಹಣ್ಣು, ಆಮೇಲೆ ಬಿಸಿಲು. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ಈ ಊರಿನಲ್ಲಿ ಕೂತು ಹಿಮದ ಮಾತೆತ್ತಿದರೆ ಕೇಳಿದವರು ನಕ್ಕಾರು. ಆದರೆ ಹಿಮ ಕರಗಿ ಹೊಳೆ ಉಕ್ಕುವ ನಾಡಿನವರು ಪ್ರವಾಹದ ಪಾಠ ಕಲಿಯಲು ಬರುತ್ತಿದ್ದದ್ದು ಇದೇ ಊರಿಗೆ. 1957ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇಲ್ಲಿ ತುರ್ತು ಪರಿಹಾರದ ತರಬೇತಿ ಸಂಸ್ಥೆಯೊಂದನ್ನು ತೆರೆಯಿತು. ದೇಶದಲ್ಲಿ ಆ ಬಗೆಯದು ಅದೇ ಮೊದಲನೆಯದೆಂದು ಹೇಳುತ್ತಾರೆ. 1968ರಲ್ಲಿ ಅದಕ್ಕೆ ರಾಷ್ಟ್ರೀಯ ನಾಗರಿಕ ರಕ್ಷಣಾ ಕಾಲೇಜು ಅಂತ ಹೆಸರಾಯಿತು. ಅಗ್ನಿಶಾಮಕ ದಳದವರ ರಾಷ್ಟ್ರೀಯ ಕಾಲೇಜೂ 1957ರಲ್ಲೇ ಉತ್ತರ ಪ್ರದೇಶದ ರಾಂಪುರದಿಂದ ಇಲ್ಲಿಗೆ ಬಂದದ್ದು. 2006ರಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಅಂದರೆ ಟಿವಿಯಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟು ದೋಣಿ ನೂಕುವ ಎನ್‌ಡಿಆರ್‌ಎಫ್‌ನವರು, ಹುಟ್ಟಿಕೊಂಡರು. ಮುಂದೆ ಅವರ ಅಕಾಡೆಮಿಯೂ ಇಲ್ಲೇ ಆಯಿತು. ದೇಶಕ್ಕೆಲ್ಲ ನೀರಿನಿಂದ ಪಾರಾಗುವುದನ್ನು ಕಲಿಸುವ ಊರು ಇದು. ಹೊಟ್ಟೆಪಾಡಿಗೆ ಬಂದು ಇಲ್ಲೇ ನೆಲೆಯಾದ ನನಗೆ ಇದು ಗೊತ್ತಾದದ್ದು ತಡವಾಗಿ, ಅದೂ ಬ್ಯಾಂಕಿನ ಕೌಂಟರಿನಲ್ಲಿ.

ಕೆಲವು ವರ್ಷ ನಾನು ಸಿವಿಲ್ ಲೈನ್ಸ್ ಕಡೆಯ ಶಾಖೆಯಲ್ಲಿದ್ದೆ. ತರಬೇತಿಗೆ ಬಂದವರು ಡ್ರಾಫ್ಟ್ ಮಾಡಿಸಲು, ಮನೆಗೆ ದುಡ್ಡು ಕಳಿಸಲು ಅಲ್ಲಿಗೆ ಬರುತ್ತಿದ್ದರು. ಅಂಥವರಲ್ಲಿ ಒಬ್ಬ ಹಿಮಾಚಲದ ಲಾಹೌಲ್ ಕಣಿವೆಯವನು. ನಮ್ಮ ನಾಗಪುರದ ಸೆಕೆಗೆ ಪಾಪ ಬೆಂದುಹೋಗಿದ್ದ. ಸರದಿ ಕಡಿಮೆ ಇದ್ದ ಒಂದು ಮಧ್ಯಾಹ್ನ ಮಾತಿಗೆ ಕೂತಾಗ ಹೇಳಿದ: "ಸಾಹೇಬ್ರ, ನಮ್ಮಲ್ಲಿ ನಾಲಾ ದಾಟೋದು ಬೆಳಗಿನ ಜಾವದಾಗ. ಮಧ್ಯಾಹ್ನ ದಾಟೀರಿ ಅಂದ್ರ ಹೋದ್ರಿ." ಅವನು ಆಡಿದ್ದು ಹಿಂದಿ, ನನ್ನ ಕಿವಿಗೆ ಬಿದ್ದದ್ದು ನಮ್ಮೂರ ಕನ್ನಡ! ರಾತ್ರಿ ಚಳಿಗೆ ಮೇಲಿನ ಹಿಮ ಬಿಗಿಯಾಗಿರುತ್ತದೆ, ಬೆಳಗಿನ ತೊರೆ ಪಾದ ನೆನೆಯುವಷ್ಟೇ. ಬಿಸಿಲೇರಿದಂತೆ ಹಿಮ ಕರಗುತ್ತದೆ, ಕರಗಿದ ನೀರು ಕೆಳಗಿಳಿಯಲು ತಾಸುಗಟ್ಟಲೆ ಹಿಡಿಯುತ್ತದೆ, ಮಧ್ಯಾಹ್ನ ಸರಿದ ಮೇಲೆ ಅದೇ ತೊರೆ ಬಂಡೆ ಉರುಳಿಸುತ್ತ ಬರುತ್ತದೆ. ಲಾಹೌಲ್‌ನಲ್ಲಿ ಅಂಥದೊಂದಕ್ಕೆ ಪಾಗಲ್ ನಾಲಾ, ಹುಚ್ಚು ಹಳ್ಳ, ಅಂತಲೇ ಹೆಸರು. ಆಕಾಶ ಎಷ್ಟು ಶುಭ್ರವೋ ಅಷ್ಟು ಅಪಾಯ. ಮೋಡ ನೋಡಿ ನೀರಿನ ಅಂದಾಜು ಮಾಡಿ ಬೆಳೆದ ನನಗೆ ಇದು ಪೂರ್ತಿ ತಲೆಕೆಳಗಾದ ಲೆಕ್ಕ.

ಇಲ್ಲಿ ಅವನಿಗೆ ಖಾಲಿ ಡಬ್ಬ, ಡ್ರಮ್ಮು, ಟ್ಯೂಬು ಕಟ್ಟಿ ತೆಪ್ಪ ಮಾಡುವುದನ್ನು ಕಲಿಸಿದ್ದರಂತೆ. ಬಯಲುಸೀಮೆಗೆ ಒಳ್ಳೆಯ ವಿದ್ಯೆ, ನಮ್ಮ ಹೊಳೆಗಲ್ಲ ಅಂದ. ಅಲ್ಲಿಯ ನೀರಿನ ಚಳಿಯೇ ಮನುಷ್ಯನನ್ನು ಮುಗಿಸುತ್ತದೆ, ಉಳಿದದ್ದನ್ನು ಕಲ್ಲು ಮಾಡುತ್ತದೆ, ತೆಪ್ಪ ಹಾಕುವಷ್ಟು ಹೊತ್ತು ಎಲ್ಲಿ? ಅಲ್ಲಿ ಇರುವುದು ಒಂದೇ ಉಪಾಯ: ನೀರಿನ ವೇಳೆ ಗೊತ್ತಿರಬೇಕು, ಆ ವೇಳೆಗೆ ಅದರ ದಾರಿಯಲ್ಲಿ ನೀವಿರಬಾರದು. ಅವನ ಡ್ರಾಫ್ಟು ತಯಾರಾಗಿತ್ತು, ತೊಗೊಂಡು ಹೋದ. ಆ ಮಾತು ಮಾತ್ರ ಉಳಿಯಿತು.

ನಮ್ಮೂರಿರುವುದು ನರಗುಂದ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಗೆ. ಎಲ್ಲಾ ಎರಿ ಭೂಮಿ. ಬ್ಯಾಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕಾಲು ಸಿಕ್ಕು ದನಗಳು ಕುಂಟುವುದುಂಟು. ಮೊದಲ ಮಳೆ ಎಷ್ಟು ಬಿದ್ದರೂ ಆ ಬಿರುಕಿನೊಳಗೇ ಇಳಿದುಹೋಗುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಕೂಡಿಕೊಳ್ಳುತ್ತದೆ. ಅಪ್ಪ ಹೇಳುತ್ತಿದ್ದ: "ಎರಿ ಬಾಯಿ ಮುಚ್ಚೂತನಕ ಅಂಜಬ್ಯಾಡ. ಬಾಯಿ ಮುಚ್ಚಿದ ಮ್ಯಾಲೆ ಹೊಳಿ ಕಡೆ ಒಂದು ಕಣ್ಣಿಟ್ಟಿರು." ಉತ್ತರಿ, ಹಸ್ತಾ ಮಳೆಗಳು ಬರುವ ಹೊತ್ತಿಗೆ ನೆಲ ನೀರು ಕುಡಿಯುವುದನ್ನು ನಿಲ್ಲಿಸಿರುತ್ತದೆ, ಬಿದ್ದದ್ದೆಲ್ಲ ಓಡುತ್ತದೆ. ಊರ ಗುಡಿಯ ಎಷ್ಟನೇ ಮೆಟ್ಟಿಲಿಗೆ ಹೊಳೆ ಬಂದರೆ ಹಗೇವಿನ ಜೋಳ ತೆಗೆಯಬೇಕು, ಎಷ್ಟನೆಯದಕ್ಕೆ ದನ ಬಿಚ್ಚಬೇಕು ಎಂಬುದು ಮಕ್ಕಳಿಗೂ ಗೊತ್ತಿತ್ತು. ಕಲಿಸಿದವರು ಯಾರೂ ಇಲ್ಲ. ಅಲ್ಲೇ ಹುಟ್ಟಿ ಬೆಳೆದದ್ದಕ್ಕೆ ಬಂದದ್ದು.

ಅಪ್ಪನ ಈ ಮಾತನ್ನೇ ಅಂಕಿಸಂಖ್ಯೆಯಲ್ಲಿ ಬರೆದಿಟ್ಟವನೊಬ್ಬ ನಾಗಪುರದಲ್ಲಿದ್ದ ಎಂದು ಆಮೇಲೆ ಓದಿದೆ. ಅಲೆಕ್ಸಾಂಡರ್ ಬಿನ್ನಿ ಎಂಬ ಇಂಗ್ಲಿಷ್ ಇಂಜಿನಿಯರ್. ಊರಿಗೆ ನೀರು ಕೊಡಲು ಅಂಬಾಝರಿ ಕೆರೆಯ ಕೆಲಸ ನಡೆದ ಕಾಲವದು. 1869ರಿಂದ 1872ರವರೆಗೆ ಅವನು ನಾಗಪುರದ ಬಳಿಯ ಸುಮಾರು 16 ಚದರ ಕಿಲೋಮೀಟರಿನ ಪ್ರದೇಶದಲ್ಲಿ ಬಿದ್ದ ಮಳೆ ಎಷ್ಟು, ಹರಿದುಬಂದ ನೀರು ಎಷ್ಟು ಎಂದು ಅಳೆದ. ಅವನಿಗೆ ಕಂಡದ್ದು ಇದು: ಮಳೆ ಇಮ್ಮಡಿಯಾದರೆ ಹರಿವು ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚಾಗುತ್ತದೆ. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾದರೆ ಅದರಲ್ಲಿ ಹರಿಯುವುದು 15 ಪಾಲು, 1000 ಮಿಲಿಮೀಟರ್ ಆದರೆ 38 ಪಾಲು (ನೂರಕ್ಕೆ ಇಷ್ಟು ಎಂದು ಲೆಕ್ಕ). ಲೆಕ್ಕ ಮಾಡಿ ನೋಡಿ, ಮಳೆ ಎರಡು ಪಟ್ಟು, ನೀರು ಐದು ಪಟ್ಟು. ಬಿನ್ನಿಯ ಈ ಕೋಷ್ಟಕ ಜಲವಿಜ್ಞಾನದ ಪಠ್ಯಪುಸ್ತಕಗಳಲ್ಲಿದೆ. ನಿಮ್ಮ ಮನೆಯ ಸಿವಿಲ್ ಇಂಜಿನಿಯರಿಂಗ್ ಓದಿದ ಹುಡುಗನನ್ನು ಕೇಳಿದರೆ ಹೆಸರು ಗೊತ್ತಿದ್ದೀತು, ಅದು ನಾಗಪುರದ ನೀರು ಎಂಬುದು ಗೊತ್ತಿರಲಿಕ್ಕಿಲ್ಲ. ಬಿನ್ನಿ ಮುಂದೆ ಲಂಡನ್ನಿಗೆ ಹೋಗಿ ಥೇಮ್ಸ್ ನದಿಯ ಅಡಿಯಲ್ಲಿ ಬ್ಲ್ಯಾಕ್‌ವಾಲ್ ಸುರಂಗ ಕಟ್ಟಿಸಿ 'ಸರ್' ಆದ. ಅವನು ಅಳೆದ ನೀರು ಇಲ್ಲೇ ಹರಿಯುತ್ತ ಉಳಿಯಿತು.

ಆ ನೀರು ಹರಿಯುವುದು ನಾಗ ನದಿಯಲ್ಲಿ. ಊರಿಗೆ ಹೆಸರು ಬಂದದ್ದೇ ಅದರಿಂದ. ಹದಿನೆಂಟನೇ ಶತಮಾನದ ಆರಂಭದಲ್ಲಿ ಗೊಂಡ ಅರಸ ಬಖ್ತ ಬುಲಂದ ಶಾಹ ಹನ್ನೆರಡು ಸಣ್ಣ ಹಳ್ಳಿಗಳನ್ನು ಕೂಡಿಸಿ ಇಲ್ಲಿ ರಾಜಧಾನಿ ಕಟ್ಟಿದ. ಪಶ್ಚಿಮದ ಲಾವಾ ಗುಡ್ಡಗಳ ಕಡೆ ಹುಟ್ಟುವ ನಾಗ, ಅಂಬಾಝರಿಯ ಕೆಳಗಿಂದ ಊರ ನಡುವೆ ಹಾದು ಕನ್ಹಾನ್ ನದಿಗೆ, ಅಲ್ಲಿಂದ ವೈನಗಂಗೆಗೆ, ಕೊನೆಗೆ ಗೋದಾವರಿಗೆ ಸೇರುತ್ತದೆ. ಆದರೆ ನೀವು ಇಲ್ಲಿ ಆಟೋದವನಿಗೆ 'ನಾಗ ನದಿ' ಅಂದರೆ ಅರ್ಧ ನಿಮಿಷ ಯೋಚಿಸಿ "ಅಚ್ಛಾ, ನಾಲಾ!" ಅನ್ನುತ್ತಾನೆ. ಹೊಳೆಯನ್ನು ನಾಲಾ ಅಂದಮೇಲೆ ಅದರ ಮಗ್ಗುಲಿಗೆ ಗೋಡೆ ಎಬ್ಬಿಸುವುದಕ್ಕೆ, ಮೇಲೆ ಸಿಮೆಂಟಿನ ಹಾಸು ಹಾಕುವುದಕ್ಕೆ ಮನಸ್ಸು ಅಳುಕುವುದಿಲ್ಲ. ಕೆರೆ ತುಂಬಿ ಹೊರಬೀಳುವ ಜಾಗಕ್ಕೆ ನಮ್ಮಲ್ಲಿ ಕೋಡಿ ಅನ್ನುತ್ತೇವೆ. ಕೋಡಿ ಬಿದ್ದರೆ ಊರಿಗೆ ಹಬ್ಬ, ಬಾಗಿನ ಬಿಡುವುದು, ಅದೆಲ್ಲ ಸರಿ. ಆದರೆ ಕೋಡಿಯ ಕೆಳಗೆ ಮನೆ ಕಟ್ಟಬಾರದು ಎಂಬುದೂ ಆ ಹಬ್ಬದ ಜೊತೆಗೇ ಬಂದ ತಿಳಿವಳಿಕೆ. ಇಲ್ಲಿಯೂ ಮಳೆಗಾಲದಲ್ಲಿ ಅಂಬಾಝರಿಯ ಕೋಡಿ ನೋಡಲು ಜನ ಸೇರುತ್ತಾರೆ, ಮೆಕ್ಕೆಜೋಳದ ತೆನೆ ತಿನ್ನುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಆ ನೀರು ಮುಂದೆ ಯಾರ ಮನೆಯ ಹಿಂದೆ ಹೋಗುತ್ತದೆ ಎಂದು ಕೇಳಿಕೊಳ್ಳುವವರು ಕಡಿಮೆ. ನೌಕರಿಗೆಂದು ಹತ್ತು ಕಡೆಯಿಂದ ಬಂದವರ ಬಡಾವಣೆಗಳಲ್ಲಿ ಅದು ಯಾರಿಗೆ ಗೊತ್ತಿರಬೇಕು? ಮನೆ ಕೊಳ್ಳುವಾಗ ಶಾಲೆ ಎಷ್ಟು ದೂರ, ನಲ್ಲಿಯ ನೀರು ಎಷ್ಟು ಹೊತ್ತು ಬರುತ್ತದೆ ಎಂದು ವಿಚಾರಿಸುತ್ತೇವೆ. ಹಳೆಯ ನೆರೆ ಎಲ್ಲಿತನಕ ಬಂದಿತ್ತು ಎಂದು ಯಾವ ಬಿಲ್ಡರನೂ ಹೇಳಿದ್ದು ನಾನು ಕೇಳಿಲ್ಲ.

ಹಾಗಂತ ಹುಟ್ಟಿದೂರಲ್ಲೇ ಇದ್ದವರೆಲ್ಲ ಬಚಾವಾದರು ಅಂತಲೂ ಅಲ್ಲ. ಇದೇ ನಾಗಪುರ ಜಿಲ್ಲೆಯ ನರಖೇಡ ತಾಲ್ಲೂಕಿನಲ್ಲಿ, ವರ್ಧಾ ನದಿಯ ದಂಡೆಗೆ ಮೋವಾಡ ಎಂಬ ಊರಿದೆ. 1991ರ ಜುಲೈ 30ರಂದು ವರ್ಧಾ ಆ ಊರನ್ನು ಕೊಚ್ಚಿಕೊಂಡು ಹೋಯಿತು. 204 ಜನ ಸತ್ತರು. ನದಿ ಹುಟ್ಟುವುದು ಮಧ್ಯಪ್ರದೇಶದ ಬೇತೂಲ್ ಜಿಲ್ಲೆಯ ಮುಲತಾಯಿ ಬಳಿ. ಮೇಲೆ ಏನಾಗುತ್ತಿದೆ ಎಂದು ಕೆಳಗಿನವರಿಗೆ ತಿಳಿಸುವ ದಾರಿ ಆ ಕಾಲಕ್ಕೆ ಎಲ್ಲಿತ್ತು? ಕೆಲವು ವರ್ಷಗಳ ಮೇಲೆ ಕಿತ್ತಳೆ ತೋಟದ ಸಾಲದ ತಪಾಸಣೆಗೆಂದು ಆ ಕಡೆ ಹೋಗಿದ್ದೆ. ಊರನ್ನು ಎತ್ತರದ ಜಾಗಕ್ಕೆ ಸ್ಥಳಾಂತರಿಸಿದ್ದರು. ಹೊಸ ಊರಿನ ನೇರ ರಸ್ತೆ, ಒಂದೇ ಅಳತೆಯ ಮನೆ. ಒಬ್ಬ ಮುದುಕ ರೈತ ತೋಟ ತೋರಿಸಿ, ಸಹಿ ಹಾಕಿ, ಆಮೇಲೆ ತಾನಾಗಿಯೇ ನನ್ನನ್ನು ಹಳೆಯ ಊರಿನ ಕಡೆ ಕರೆದೊಯ್ದ. ಒಂದು ಜಾಗದಲ್ಲಿ ನಿಂತು, ಇಲ್ಲಿ ಅಡುಗೆಮನೆ, ಇಲ್ಲಿ ದೇವರ ಗೂಡು ಅಂತ ನೆಲ ತೋರಿಸಿದ. ಜಾಲಿಕಂಟಿ ಬಿಟ್ಟರೆ ನನಗೇನೂ ಕಾಣಲಿಲ್ಲ. "ಹೊಳೆ ಪ್ರತಿ ವರ್ಷ ಬರುತ್ತಿತ್ತು, ನಮಗೆ ಅದರ ಗುರುತಿತ್ತು. ಆ ದಿನ ಬಂದದ್ದು ನಮ್ಮ ಗುರುತಿನ ಹೊಳೆ ಅಲ್ಲ" ಅಂದ. ಹಳೆಯ ಗುರುತನ್ನೇ ನಂಬಿಕೊಂಡು ಕೂತದ್ದೂ ಮುಳುವಾಯಿತು ಎಂಬುದು ಅವನ ಮಾತಿನ ಅರ್ಥ.

2009ರಲ್ಲಿ ನಮ್ಮ ಕಡೆ ಆದದ್ದೂ ಅದೇ. ಆ ವರ್ಷ ದೇಶಕ್ಕೆಲ್ಲ ಬರದ ವರ್ಷ. ಸೆಪ್ಟೆಂಬರ್ ಕೊನೆಗೆ ಹಸ್ತಾ ಮಳೆ ಹಿಡಿಯಿತು ನೋಡಿ, ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಹೋಗಿದ್ದರು. ನಾಗಪುರದಿಂದ ಫೋನು ಹಚ್ಚುತ್ತ ಕೂತೆ, ಎರಡು ದಿನ ಯಾವ ನಂಬರೂ ತಾಗಲಿಲ್ಲ. ಮೂರನೇ ದಿನ ಅಣ್ಣ ಸಿಕ್ಕ. "ಗುಡಿ ಮೆಟ್ಟಿಲ ಅಲ್ಲೋ, ಗುಡೀನ ಕಾಣವಲ್ದು" ಅಂದ. ಪರಊರಿನಲ್ಲಿರುವವರಿಗೆ ಈ ಸಂಕಟ ಗೊತ್ತಿರುತ್ತದೆ. ಕೈಯಲ್ಲಿ ಫೋನು, ಮುಂದೆ ಟಿವಿ, ಮಾಡುವುದಕ್ಕೆ ಏನೂ ಇಲ್ಲ. ಸರ್ಕಾರ 'ಆಸರೆ' ಹೆಸರಿನಲ್ಲಿ ಎತ್ತರದ ಜಾಗಗಳಲ್ಲಿ ಮನೆ ಕಟ್ಟಿಸಿತು. ಬಹಳ ಕಡೆ ಜನ ಹೋಗಲಿಲ್ಲ. ದನ ಕಟ್ಟಲು ಜಾಗವಿಲ್ಲ, ಹೊಟ್ಟು ಮೇವು ಎಲ್ಲಿ ಒಟ್ಟಬೇಕು, ಹೊಲ ದೂರ. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಬಂದಾಗ ಹಳೆಯ ಮನೆಗಳಲ್ಲೇ ಇದ್ದವರು ಮತ್ತೆ ಗಂಟುಮೂಟೆ ಕಟ್ಟಿದರು. ಅವರನ್ನು ಬೈಯುವುದು ಸುಲಭ. ನಾಲ್ಕು ಎಮ್ಮೆ ಇಟ್ಟುಕೊಂಡವನಿಗೆ ಎಮ್ಮೆ ನಿಲ್ಲದ ಮನೆ ಮನೆಯೇ ಅಲ್ಲ ಎಂಬುದನ್ನು ನಕ್ಷೆ ಬರೆದವರು ಕೇಳಿಕೊಳ್ಳಬೇಕಿತ್ತು.

ಇನ್ನು ನಾಗಪುರದ ಸರದಿ. 2023ರ ಸೆಪ್ಟೆಂಬರ್ 23, ಶನಿವಾರ. ನಮ್ಮ ಲೆಕ್ಕದಲ್ಲಿ ಉತ್ತರಿ ಮಳೆ. ಕೆರೆ ತುಂಬಿತ್ತು, ನೆಲ ನೆನೆದಿತ್ತು, ಬಿನ್ನಿಯ ಕೋಷ್ಟಕದ ಕೊನೆಯ ಸಾಲುಗಳ ಕಾಲ. ಶುಕ್ರವಾರ ರಾತ್ರಿ ಮಲಗುವಾಗ ಸುಮ್ಮನೆ ಹನಿಯುತ್ತಿದ್ದ ಮಳೆ ಬೆಳಗಿನ ಜಾವ ನಾಲ್ಕು ತಾಸಿನಲ್ಲಿ 100 ಮಿಲಿಮೀಟರಿಗೂ ಹೆಚ್ಚು ಸುರಿಯಿತು. ಅಂಬಾಝರಿಯ ಕೋಡಿ ಉಕ್ಕಿ ಬಂತು. ಅಂಬಾಝರಿ ಲೇಔಟ್, ಕಾರ್ಪೊರೇಷನ್ ಕಾಲೊನಿ, ಡಾಗಾ ಲೇಔಟ್, ಶಂಕರನಗರ, ಕೆಳಗೆ ಸೀತಾಬರ್ಡಿಯ ತನಕ ನೀರು.

ನಾವಿರುವುದು ನಾಲಾದಿಂದ ಎರಡು ಗಲ್ಲಿ ಈಚೆ, ಎರಡನೇ ಮಹಡಿಯಲ್ಲಿ. ನನ್ನನ್ನು ಎಬ್ಬಿಸಿದ್ದು ಮಳೆಯ ಸದ್ದಲ್ಲ, ಅದರ ಅಡಿಯಲ್ಲಿ ಇನ್ನೊಂದು ಸದ್ದು. ಹೊಳೆ ದಂಡೆಯಲ್ಲಿ ಬೆಳೆದವರಿಗೆ ಅದು ನಿದ್ದೆಯಲ್ಲೂ ಗುರುತು ಸಿಗುತ್ತದೆ. ಕಿಟಕಿಯಿಂದ ಬ್ಯಾಟರಿ ಬಿಟ್ಟು ನೋಡಿದರೆ ಕೆಳಗೆ ಸ್ಕೂಟರುಗಳು ಒಂದಕ್ಕೊಂದು ತಾಗುತ್ತ ನಿಧಾನಕ್ಕೆ ತಿರುಗುತ್ತಿದ್ದವು. ಕೆಳಮನೆಯ ಕಾಕಾ–ಕಾಕು ಇಬ್ಬರೂ ಎಪ್ಪತ್ತು ದಾಟಿದವರು, ಕಾಕುಗೆ ಮೊಣಕಾಲು ಬರುವುದಿಲ್ಲ. ನಾನೂ ಮೇಲ್ಮನೆಯ ಹುಡುಗನೂ ಇಳಿದಾಗ ಕಾಕಾ ಮಂಚದ ಮೇಲೆ ನಿಂತು ದೇವರ ಫೋಟೋ ಇಳಿಸುತ್ತಿದ್ದರು. ಬಾಗಿಲು ನೀರಿನ ಒತ್ತಡಕ್ಕೆ ತೆರೆಯಲೊಲ್ಲದು. ಕೊನೆಗೆ ಇಬ್ಬರೂ ಭುಜ ಕೊಟ್ಟು ನೂಕಿದೆವು. ಕಾಕುವನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದೆವು. ಮೆಟ್ಟಿಲ ತಿರುವಿನಲ್ಲಿ ಆಕೆ ಕೇಳಿದ್ದು ಒಂದೇ: "ಗ್ಯಾಸ್ ಬಂದ ಕೇಲಾ ಕಾ?" ಗ್ಯಾಸು ಬಂದ್ ಮಾಡಿದಿರಾ ಎಂದು. ತಾರಸಿಗೆ ಹೋಗೋಣವೆಂದರೆ ಅದಕ್ಕೆ ಬೀಗ. ಕೀಲಿ ಸೊಸೈಟಿಯ ಸೆಕ್ರೆಟರಿ ಹತ್ತಿರ, ಅವರು ಮಗಳ ಮನೆಗೆ ಪುಣೆಗೆ ಹೋಗಿದ್ದರು. ನೀರು ನಮ್ಮ ಮಹಡಿಗೆ ಬರಲಿಲ್ಲ, ಬೀಗದ ಪರೀಕ್ಷೆ ಆಗಲಿಲ್ಲ.

ಎಲ್ಲರಿಗೂ ಹಾಗಾಗಲಿಲ್ಲ. ಊರಿನಲ್ಲಿ ಕನಿಷ್ಠ ನಾಲ್ಕು ಜನ ಸತ್ತರು. ಅವರಲ್ಲಿ ಹಾಸಿಗೆ ಹಿಡಿದಿದ್ದ ಹೆಂಗಸೊಬ್ಬಳು. ನೀರು ಮನೆಯೊಳಗೆ ಬಂದಾಗ ಎತ್ತಿ ಸಾಗಿಸಲು ಆಗಲಿಲ್ಲ. ಕಿವಿ ಕೇಳದ, ಮಾತು ಬಾರದ ಮಕ್ಕಳ ವಸತಿಶಾಲೆಯೊಂದು ನೀರಿನಲ್ಲಿ ಸಿಕ್ಕಿತ್ತು. ರಕ್ಷಣಾ ಪಡೆಯವರು ಆ ಮಕ್ಕಳನ್ನು ಹೊರತಂದರು. ಅಂಥ ಮಕ್ಕಳಿಗೆ ಕತ್ತಲಲ್ಲಿ ಸೈರನ್ ಊದಿದರೇನು, ಕೂಗಿದರೇನು? ಎನ್‌ಡಿಆರ್‌ಎಫ್, ರಾಜ್ಯದ ಪಡೆ, ಸೇನೆ ಎಲ್ಲ ಬಂದವು, ಚೆನ್ನಾಗಿಯೇ ಕೆಲಸ ಮಾಡಿದವು. ಆದರೆ ಬೆಳಗಿನ ಜಾವದ ಆ ಮೊದಲ ಒಂದೆರಡು ತಾಸು ಇದ್ದದ್ದು ಮಗ್ಗುಲ ಮನೆಯವರಷ್ಟೇ. ಆಮೇಲೆ ಹೈಕೋರ್ಟಿನ ನಾಗಪುರ ಪೀಠಕ್ಕೆ ನಿವಾಸಿಗಳು ಅರ್ಜಿ ಹಾಕಿದರು. ಕೋಡಿಯ ಮುಂದೆ ನಿಲ್ಲಿಸಿದ ವಿವೇಕಾನಂದರ ಪ್ರತಿಮೆಯಿಂದ ನೀರಿಗೆ ಅಡ್ಡಿಯಾಯಿತೇ, ನಾಗ ನದಿಯ ಪಾತ್ರ ಎಲ್ಲೆಲ್ಲಿ ಸಣ್ಣದಾಗಿದೆ ಎಂಬ ಚರ್ಚೆ ನಡೆಯಿತು. ವಿವೇಕಾನಂದರಿಗೆ ನಿಲ್ಲಲು ನಾಗಪುರದಲ್ಲಿ ಬೇರೆ ಜಾಗ ಇರಲಿಲ್ಲವೇ ಎಂದು ನನಗೂ ಅನ್ನಿಸಿದೆ.

ಹನ್ನೊಂದು ದಿನ ಕಳೆದು ಅಕ್ಟೋಬರ್ 4ಕ್ಕೆ ಸಿಕ್ಕಿಂನಿಂದ ಸುದ್ದಿ. ಹಿಮನದಿ ಕರಗಿ ನಿಂತ ದಕ್ಷಿಣ ಲ್ಹೋನಕ್ ಸರೋವರಕ್ಕೆ ಮಗ್ಗುಲ ದಿಬ್ಬ ಕುಸಿದುಬಿದ್ದು, ನೀರು ಅಂಚು ಒಡೆದು, ರಾತ್ರೋರಾತ್ರಿ ತೀಸ್ತಾ ಕಣಿವೆಗೆ ಇಳಿದಿತ್ತು. ಚುಂಗ್‌ಥಾಂಗ್‌ನ ಅಣೆಕಟ್ಟೇ ಕೊಚ್ಚಿಹೋಯಿತು, ಹತ್ತಾರು ಜನ ಸತ್ತರು, ಇನ್ನೂ ಎಷ್ಟೋ ಜನ ಸಿಗಲೇ ಇಲ್ಲ. ಆ ಸರೋವರ ಅಪಾಯದ್ದೆಂದು ವಿಜ್ಞಾನಿಗಳು ವರ್ಷಗಳಿಂದ ಹೇಳುತ್ತಿದ್ದರು, ಮುನ್ನೆಚ್ಚರಿಕೆಯ ಉಪಕರಣ ಕೂರಿಸುವ ಕೆಲಸ ಅದೇ ತಾನೇ ಶುರುವಾಗಿತ್ತು. ಕೆಸರು ತೊಳೆಯುತ್ತಿದ್ದ ಕಾಕಾ ನಮ್ಮ ಮನೆಯಲ್ಲಿ ಕೂತು ಆ ಟಿವಿ ಸುದ್ದಿ ನೋಡಿ, "ಅದೂ ಕೋಡಿಯೇ ಅಲ್ಲವೇನ್ರಿ, ಹಿಮದ ಕೋಡಿ" ಅನ್ನುವ ಅರ್ಥದ ಮಾತಾಡಿದರು. ಸಾಂಡವಾ ಎಂಬ ಮರಾಠಿ ಶಬ್ದ ಬಳಸಿದರು. ಆಗ ಲಾಹೌಲಿನ ಆ ಹುಡುಗ ನೆನಪಾದ. ಅವನದು ದಿನದ ಲೆಕ್ಕ, ನಮ್ಮದು ನಕ್ಷತ್ರದ ಲೆಕ್ಕ. ಮೇಲೆ ಎಷ್ಟು ಕೂಡಿದೆ, ಯಾವ ಹೊತ್ತಿಗೆ ಇಳಿದೀತು ಎಂದು ಕೇಳುವುದು ಎರಡಕ್ಕೂ ಒಂದೇ.

ಆ ದೀಪಾವಳಿಗೆ ಮೊದಲು ಸೊಸೈಟಿಯ ಮೀಟಿಂಗ್ ಕರೆಸಿದೆವು. ಸೆಕ್ರೆಟರಿ ಸಾಹೇಬರು, ಇದು ನೂರು ವರ್ಷಕ್ಕೊಮ್ಮೆ ಬರುವ ಮಳೆ, ನಮ್ಮ ಕಾಲಕ್ಕಂತೂ ಮುಗಿಯಿತು ಅಂದರು. ನೂರು ವರ್ಷಕ್ಕೊಮ್ಮೆ ಅಂದರೆ ನೂರು ವರ್ಷ ಬಿಟ್ಟು ಅಂತಲ್ಲ, ಪ್ರತಿ ವರ್ಷ ನೂರರಲ್ಲಿ ಒಂದು ಪಾಲು ಅಂತ. ಮಲಪ್ರಭೆಗೆ ಹತ್ತೇ ವರ್ಷದಲ್ಲಿ ಎರಡು ಸಲ ಮುಳುಗಿದ ಊರುಗಳನ್ನು ಕಂಡವನು ನಾನು ಅಂದೆ. ಅರ್ಧ ತಾಸು ಪಾರ್ಕಿಂಗಿನ ಜಗಳವೇ ಆಯಿತು. ಆಮೇಲೆ ಕಾಕು ಕುರ್ಚಿಯಿಂದಲೇ, "ನನ್ನನ್ನು ಎತ್ತುವವರು ಯಾರು ಅಂತ ಮೊದಲು ಬರೆಯಿರಿ" ಅಂದಾಗ ಸದ್ದು ನಿಂತಿತು.

ಬರೆದೆವು. ಒಂದೇ ಹಾಳೆ. ಕೆಳಗಿನ ಮನೆಗಳಲ್ಲಿ ಯಾರು ಮಲಗುತ್ತಾರೆ, ಯಾರಿಗೆ ನಡೆಯಲಾಗುವುದಿಲ್ಲ, ಯಾರಿಗೆ ಕಿವಿ ಮಂದ, ಅವರ ಬಾಗಿಲು ಬಡಿಯುವವರು ಯಾರು, ಅವರಿಲ್ಲದಿದ್ದರೆ ಮತ್ತಾರು. ಆಗಸ್ಟ್ 15ರ ನಂತರ ಅಂಬಾಝರಿ ತುಂಬಿತೋ ಇಲ್ಲವೋ ನೋಡಿ ಬರುವ ಪಾಳಿ. ತುಂಬಿದ ಮೇಲೆ ರಾತ್ರಿ ಜೋರು ಮಳೆ ಹಿಡಿದರೆ ಒಬ್ಬರು ಎಚ್ಚರ ಇರುವುದು, ಕರೆಂಟಿನ ಮೇನ್ ಬಂದ್ ಮಾಡುವುದು, ಕೆಳಗಿನವರು ಮೊದಲನೇ ಮಹಡಿಯ ಗೊತ್ತಾದ ಮನೆಗೆ ಹೋಗುವುದು. ಅಣ್ಣನಿಗೆ ಫೋನಿನಲ್ಲಿ ಓದಿ ಹೇಳಿದೆ. "ಇದನ್ನೆಲ್ಲಾ ಹಾಳ್ಯಾಗ ಬರೀಬೇಕೇನೋ? ನಮ್ಮ ಓಣ್ಯಾಗ ಇದು ಎಲ್ಲಾರಿಗೂ ಗೊತ್ತಿರತದ" ಅಂದ. ನಮ್ಮ ಮೆಟ್ಟಿಲ ಮೇಲೆ ಹದಿನಾಲ್ಕು ಮನೆ, ಐದು ಭಾಷೆ. ಬರೆಯದೆ ಗತಿಯಿಲ್ಲ.

ಹಾಳೆ ಮಾಡುವಾಗ ಒಂದು ಸಂಗತಿ ತಿಳಿಯಿತು. ಕಾವಲುಗಾರನ ಸಂಸಾರ, ಬಾಲಾಘಾಟ್ ಕಡೆಯಿಂದ ಬಂದವರು, ಗಂಡ ಹೆಂಡತಿ ಎರಡು ಮಕ್ಕಳು, ಪಂಪಿನ ಕೋಣೆಯ ಮಗ್ಗುಲಿಗೆ ಇರುತ್ತಾರೆ. ನೆಲಕ್ಕಿಂತ ಎರಡು ಮೆಟ್ಟಿಲು ಕೆಳಗೆ. ಆ ರಾತ್ರಿ ಅವರು ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಸೊಸೈಟಿಯ ಯಾವ ರಿಜಿಸ್ಟರಿನಲ್ಲೂ ಅವರ ಹೆಸರಿರಲಿಲ್ಲ, ಫ್ಲ್ಯಾಟಿನ ಮಾಲೀಕರಲ್ಲ ನೋಡಿ. ಈಗ ಹಾಳೆಯ ಮೊದಲ ನಾಲ್ಕು ಹೆಸರು ಅವರದು. ಅವರ ಬಾಗಿಲು ಬಡಿಯುವ ಕೆಲಸ ನನ್ನದು. ತಾರಸಿಯ ಕೀಲಿ ಸೆಕ್ರೆಟರಿಯ ಮನೆಯಿಂದ ಬಂದು ಎರಡನೇ ಮಹಡಿಯ ಮೆಟ್ಟಿಲ ಗೋಡೆಗೆ ಒಂದು ಮೊಳೆಯ ಮೇಲೆ ನೇತಾಡುತ್ತಿದೆ. ಕಾವಲುಗಾರನ ಸಣ್ಣ ಮಗಳಿಗೆ ಎಟುಕುವಂತೆ ಮೊಳೆಯನ್ನು ಒಂದು ಸಲ ಕೆಳಗಿಳಿಸಿಯೂ ಆಯಿತು.